ಓದಲು ಆ್ಯಪ್ ಯಾಕೆ? ಬ್ರೌಸರ್ ಸಾಕು, ಹೀಗೆ ಮಾಡಿ

ಕಳೆದ ಯುಗಾದಿಗೆ ಊರಿಗೆ ಹೋದಾಗ ಅಮ್ಮನ ಫೋನಿನಲ್ಲಿ ಒಂದು ಫೋಟೊ ತೆಗೆಯಲೂ ಜಾಗ ಇರಲಿಲ್ಲ. ನೋಡಿದರೆ ಸುದ್ದಿ ಓದುವ ಆ್ಯಪ್‌ಗಳೇ ಏಳು! ಪಂಚಾಂಗ, ಅಡುಗೆ ಬೇರೆ. ಲಿಂಕ್ ಒತ್ತಿದಾಗಲೆಲ್ಲ ‘ಆ್ಯಪ್ ಹಾಕಿಕೊಳ್ಳಿ’ ಎಂದು ಬಂದಿದೆ, ಅಮ್ಮ ಹಾಕಿಕೊಂಡಿದ್ದಾಳೆ. ಅವತ್ತು ಅವನ್ನೆಲ್ಲ ತೆಗೆದು, ಬ್ರೌಸರ್‌ನಲ್ಲೇ ಓದುವಂತೆ ಮಾಡಿಕೊಟ್ಟೆ. ಅರ್ಧ ಗಂಟೆ ಸಾಕಾಯಿತು.

ಮೊದಲು ದಿನವೂ ಓದುವ ತಾಣವನ್ನು ಕ್ರೋಮ್ ಬ್ರೌಸರ್‌ನಲ್ಲಿ ತೆರೆಯಿರಿ. ಮೇಲಿನ ಮೂರು ಚುಕ್ಕಿ ಒತ್ತಿ, ‘ಹೋಮ್ ಸ್ಕ್ರೀನ್‌ಗೆ ಸೇರಿಸಿ’ ಆರಿಸಿ. ಆ್ಯಪ್ ಇದ್ದಂತೆಯೇ ಒಂದು ಗುರುತು ಬಂದು ಕೂರುತ್ತದೆ. ಐಫೋನ್ ಆದರೆ ಸಫಾರಿಯಲ್ಲಿ ಶೇರ್ ಬಟನ್ ಒತ್ತಿದರೆ ಇದೇ ಆಯ್ಕೆ ಸಿಗುತ್ತದೆ.

ಈಗ ಹಳೆಯ ಆ್ಯಪ್ ತೆಗೆಯಿರಿ. ಆದರೆ ಒಂದು ಎಚ್ಚರಿಕೆ. ಪ್ಲೇ ಸ್ಟೋರ್ ಮೂಲಕ ಚಂದಾ ಕಟ್ಟುತ್ತಿದ್ದರೆ, ಆ್ಯಪ್ ತೆಗೆದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಒತ್ತಿ, ಸಬ್‌ಸ್ಕ್ರಿಪ್ಶನ್ ಪಟ್ಟಿಗೆ ಹೋಗಿ ಮೊದಲು ಅದನ್ನು ರದ್ದು ಮಾಡಿ.

ಆಮೇಲೆ ಅಕ್ಷರದ ಗಾತ್ರ. ಹಿರಿಯರಿಗೆ ಇದೇ ಎಲ್ಲಕ್ಕಿಂತ ಮುಖ್ಯ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತದೆ. ಕಣ್ಣು ಮಂಜಾದಾಗ ಮೊದಲು ತಪ್ಪಿಹೋಗುವುದು ಅದೇ. ‘ಅಕ್ಕ’, ‘ಅಕ್ಷ’ ಎರಡೂ ಒಂದೇ ಥರ ಕಾಣುತ್ತವೆ. ಕೆಲವು ಆ್ಯಪ್‌ಗಳಲ್ಲಿ ಅಕ್ಷರ ದೊಡ್ಡದು ಮಾಡುವ ದಾರಿಯೇ ಇರುವುದಿಲ್ಲ. ಕ್ರೋಮ್‌ನಲ್ಲಾದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಗೆ ಹೋಗಿ ಒಮ್ಮೆ ಹಿಗ್ಗಿಸಿದರೆ ಸಾಕು, ಎಲ್ಲ ತಾಣಗಳಿಗೂ ಅನ್ವಯಿಸುತ್ತದೆ. ಅಮ್ಮನಿಗೆ ಶೇಕಡಾ 150 ಇಟ್ಟೆ. ಕನ್ನಡಕ ಹುಡುಕದೆ ಓದತೊಡಗಿದಳು. ನನಗೆ ತುಂಬ ಖುಷಿಯಾಯಿತು.

ಜಾಹೀರಾತಿನ ಕಾಟ ಜಾಸ್ತಿ ಅನಿಸಿದರೆ ಫೈರ್‌ಫಾಕ್ಸ್ ಎಂಬ ಇನ್ನೊಂದು ಬ್ರೌಸರ್ ಹಾಕಿಕೊಳ್ಳಿ. ಅದರಲ್ಲಿ ‘ರೀಡರ್ ವ್ಯೂ’ ಎಂಬುದಿದೆ. ಅದನ್ನು ಒತ್ತಿದರೆ ಬರಹ ಮತ್ತು ಚಿತ್ರ ಮಾತ್ರ ಉಳಿಯುತ್ತದೆ. ಎಲ್ಲ ಪುಟಕ್ಕೂ ಇದು ಸಿಗುವುದಿಲ್ಲ, ಉದ್ದನೆಯ ಲೇಖನಗಳಿಗೆ ಸಾಮಾನ್ಯವಾಗಿ ಸಿಗುತ್ತದೆ.

ಬ್ರೌಸರ್‌ನಲ್ಲೂ ಒಂದು ತೊಂದರೆ ಇದೆ. ಕೆಲವು ತಾಣಗಳು ‘ನೋಟಿಫಿಕೇಶನ್ ಕಳಿಸಲೇ?’ ಎಂದು ಕೇಳುತ್ತವೆ. ಸುಮ್ನೆ ‘ಅಲೋ’ ಒತ್ತಬೇಡಿ. ‘ನಿಮ್ಮ ಫೋನಿಗೆ ವೈರಸ್ ಬಂದಿದೆ’ ಎಂದು ಹೆದರಿಸುವ ಸುಳ್ಳು ಸಂದೇಶ ಎಷ್ಟೋ ಸಲ ಈ ದಾರಿಯಲ್ಲೇ ಬರುತ್ತದೆ. ಈಗಾಗಲೇ ಒತ್ತಿದ್ದರೆ ಕ್ರೋಮ್‌ನ ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್ ಒಳಗೆ ಹೋಗಿ ಆ ತಾಣವನ್ನು ತಡೆಯಿರಿ.

ನನಗೆ ಬ್ರೌಸರ್ ಇಷ್ಟವಾಗಲು ಇನ್ನೊಂದು ಕಾರಣವಿದೆ. ಗೊತ್ತಿಲ್ಲದ ಪದ ಬಂದರೆ ಅದನ್ನು ಒತ್ತಿ ಹಿಡಿದು ಕಾಪಿ ಮಾಡಬಹುದು. ಪಕ್ಕದ ಟ್ಯಾಬ್‌ನಲ್ಲಿ ವಿ. ಕೃಷ್ಣ ಅವರ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟು ತೆರೆದಿಟ್ಟರೆ ಅರ್ಥ ಕೂಡಲೇ ಸಿಗುತ್ತದೆ. ಎಷ್ಟೋ ಆ್ಯಪ್‌ಗಳು ಪದ ಆರಿಸಲೂ ಬಿಡುವುದಿಲ್ಲ, ಅಲ್ವಾ?

ಹಾಗಂತ ಎಲ್ಲ ಆ್ಯಪ್ ತೆಗೆಯಬೇಡಿ. ಬ್ಯಾಂಕ್, ಯುಪಿಐ ಆ್ಯಪ್ ಇರಲಿ. ಹಣದ ವಿಷಯದಲ್ಲಿ ಹುಡುಕಿ ಸಿಕ್ಕ ಲಿಂಕ್‌ಗಿಂತ ಬ್ಯಾಂಕಿನ ಅಧಿಕೃತ ಆ್ಯಪೇ ವಾಸಿ.

ಸಿಗ್ನಲ್ ಇಲ್ಲದ ಕಡೆ ಓದಬೇಕೇ? ಹೊರಡುವ ಮೊದಲು ಮನೆಯಲ್ಲೇ ಕ್ರೋಮ್‌ನಲ್ಲಿ ಲೇಖನ ತೆರೆದು, ಮೂರು ಚುಕ್ಕಿ ಒತ್ತಿ, ಕೆಳಮುಖ ಬಾಣದ ಗುರುತು ಒತ್ತಿ. ಪುಟ ಫೋನಿಗೆ ಇಳಿಯುತ್ತದೆ. ಬಸ್ಸು ಘಾಟಿ ಹತ್ತುವಾಗ ಅದೇ ಮೆನುವಿನ ‘ಡೌನ್‌ಲೋಡ್‌ಗಳು’ ತೆರೆದು ಓದಿ.