ಒಂದೇ ವಯಲ್, ನಾಲ್ಕು ಬ್ಯಾಂಡ್: ಬೆಳವಣಿಗೆ ಹಾರ್ಮೋನ್ ಜೊತೆ ನನ್ನ ಬಳ್ಳಾರಿ ಬೇಸಿಗೆ

ಬೆಳವಣಿಗೆ ಹಾರ್ಮೋನಿನ ವಯಲ್‌ನಲ್ಲಿ, ಅಂದರೆ ಔಷಧದ ಪುಟ್ಟ ಬಾಟಲಿಯಲ್ಲಿ, ಎಷ್ಟು ರೂಪಗಳಿವೆ ಅಂತ ಜೆಲ್ ಓಡಿಸಿ ನೋಡಬೇಕು ಅಂದುಕೊಂಡೆ. ಜೆಲ್ ಅಂದರೆ ವಿದ್ಯುತ್ ಹರಿಸಿ ಪ್ರೋಟೀನುಗಳನ್ನು ಬೇರ್ಪಡಿಸುವ ತೆಳು ಹಾಳೆ; ಬೇರೆಯಾದ ಪ್ರತಿ ರೂಪವೂ ಅದರಲ್ಲಿ ಒಂದು ಗೆರೆಯಾಗಿ, ಅಂದರೆ ಬ್ಯಾಂಡ್ ಆಗಿ ನಿಲ್ಲುತ್ತದೆ. "ಔಷಧದ ವಯಲ್‌ನಲ್ಲಿ ಇರೋದು ಶುದ್ಧ 22 ಕಿಲೋಡಾಲ್ಟನ್, ಒಂದೇ ಬ್ಯಾಂಡ್ ಬರುತ್ತೆ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀರಿ ಸರ್?" ಜೊತೆಯವರೇ ಹೀಗೆ ಹೇಳಿದ್ದರು. (ಕಿಲೋಡಾಲ್ಟನ್ ಅಂದರೆ ಅಣುವಿನ ತೂಕದ ಅಳತೆ.) ಬೇಕಿದ್ದರೆ ಬೆಂಗಳೂರಿಗೆ ಹೋಗಿ ಮಾಡಿಸಿ, ಬಳ್ಳಾರಿಯಲ್ಲಿ ಆಗೋದಲ್ಲ ಅಂತ ಇನ್ನೊಬ್ಬರು. ಈಗ ಆ ಜೆಲ್‌ನ ಫೋಟೊ ನನ್ನ ಮೇಜಿನ ಗಾಜಿನ ಕೆಳಗಿದೆ.

ವಯಲ್‌ಗಳಿಗೆ ದುಡ್ಡು ಕೊಡಲಿಲ್ಲ. ಪರಿಚಯದ ಮಕ್ಕಳ ಡಾಕ್ಟರೊಬ್ಬರು ಅವಧಿ ಮೀರಿದ ಐದಾರು ಕೊಟ್ಟರು. ಸೆಕೆಂಡ್ ಹ್ಯಾಂಡ್ ಜೆಲ್ ಟ್ಯಾಂಕ್ ಮತ್ತು ಪವರ್ ಪ್ಯಾಕ್‌ಗೆ ಸುಮಾರು 20 ಸಾವಿರ, ಸಿಲ್ವರ್ ನೈಟ್ರೇಟ್ ಮತ್ತೆ ಉಳಿದದ್ದಕ್ಕೆ 12-13 ಸಾವಿರ. ಎಲ್ಲ ನನ್ನ ಜೇಬಿಂದಲೇ.

ಮೊದಲು ಸೋತಿದ್ದು ಬಿಸಿಲಿಗೆ. ಏಪ್ರಿಲ್ ತಿಂಗಳು, ಕೋಣೆಯಲ್ಲೇ 40 ಡಿಗ್ರಿ ಹತ್ತಿರ. ಜೆಲ್ ಗಟ್ಟಿಯಾಗಿಸುವ ಟೆಮೆಡ್ ಹಾಕಿ ಪ್ಲೇಟ್ ಕಡೆ ತಿರುಗುವಷ್ಟರಲ್ಲಿ ಬೀಕರ್‌ನಲ್ಲೇ ಜೆಲ್ ಗಟ್ಟಿಯಾಗುತ್ತಿತ್ತು. ಹೀಗೆ ಏಳೆಂಟು ಜೆಲ್ ಹೋದವು. ಆಮೇಲೆ ದ್ರಾವಣವನ್ನು ಐಸ್ ಮೇಲಿಟ್ಟು ಟೆಮೆಡ್ ಅರ್ಧಕ್ಕೆ ಇಳಿಸಿದೆ. ಬೆಳಗಿನ ಐದು ಗಂಟೆಗೆ ಟ್ಯಾಂಕನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು, ಸುತ್ತ ಕೌಲ್ ಬಜಾರಿನಿಂದ ತಂದ ಐಸ್ ತುಂಬಿ, ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸಿದೆ. ಬ್ಯಾಂಡ್‌ಗಳು ನಗುವ ಬಾಯಿಯ ಹಾಗೆ ಬಾಗುವುದು ಅಂದೇ ನಿಂತಿತು.

ಎರಡನೆಯದು ನೀರು. ಬ್ಯಾಂಡ್ ಕಾಣಲು ಬೆಳ್ಳಿಯಿಂದ ಬಣ್ಣ ಹಿಡಿಸುವ ಸಿಲ್ವರ್ ಸ್ಟೇನ್ ಮಾಡಿದರೆ ಜೆಲ್ ಪೂರ್ತಿ ಮಸಿ. ಮೂರು ವಾರ ರಾಸಾಯನಿಕಗಳನ್ನೇ ಬೈದೆ. ಕೊನೆಗೆ ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರ್‌ಗೆ ಒಂದು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟೆ. ಹನಿ ಬಿದ್ದ ಜಾಗದಲ್ಲಿ ಹಾಲು ಕಲಸಿದ ಹಾಗೆ ಬೆಳ್ಳಗಾಯಿತು. ಕ್ಲೋರೈಡ್! ಬೆಳ್ಳಿಯ ಜೊತೆ ಸೇರಿ ಬೆಳ್ಳಗಾಗುವುದು ಅದೇ. ಅಂದಿನಿಂದ ನೀರನ್ನು ನಾನೇ ಗಾಜಿನ ಯೂನಿಟ್‌ನಲ್ಲಿ ಎರಡು ಸಲ ಭಟ್ಟಿ ಇಳಿಸುತ್ತೇನೆ. ದಯವಿಟ್ಟು ಈ ಹನಿ ಪರೀಕ್ಷೆ ಮೊದಲೇ ಮಾಡಿ.

ಎಸ್‌ಡಿಎಸ್ ಅಂದರೆ ಪ್ರೋಟೀನನ್ನು ಬಿಚ್ಚಿ ತೂಕದ ಪ್ರಕಾರ ಬೇರೆಯಾಗುವಂತೆ ಮಾಡುವ ಸಾಬೂನಿನಂಥ ವಸ್ತು; ಮೆರ್ಕಾಪ್ಟೋಎಥನಾಲ್ ಗಂಧಕದ ಕೊಂಡಿ ಬಿಚ್ಚುವ ರಾಸಾಯನಿಕ. ಮೆರ್ಕಾಪ್ಟೋಎಥನಾಲ್ ಇಲ್ಲದ ಎಸ್‌ಡಿಎಸ್ ಜೆಲ್‌ನಲ್ಲಿ 22ರ ದಪ್ಪ ಬ್ಯಾಂಡ್, ಮೇಲೆ 45ರ ಹತ್ತಿರ ತೆಳುವಾದ ಇನ್ನೊಂದು. ಅದು ಡೈಮರ್, ಎರಡು ಅಣು ಅಂಟಿದ ಜೋಡಿ. ಮೆರ್ಕಾಪ್ಟೋಎಥನಾಲ್ ಹಾಕಿದಾಗ ಹೆಚ್ಚಿನದು ಕರಗಿತು, ಆದರೆ ಪೂರ್ತಿ ಹೋಗಲಿಲ್ಲ. ಅಂದರೆ ಎಲ್ಲ ಜೋಡಿಗಳೂ ಗಂಧಕದ ಕೊಂಡಿಯಿಂದಲೇ ಆದವಲ್ಲ. ಎಸ್‌ಡಿಎಸ್ ತಾಗಿದರೆ ಬಿಡಿಬಿಡಿಯಾಗುವ ಸಡಿಲ ಜೋಡಿಗಳು ಇಲ್ಲಿ ಕಾಣುವುದೇ ಇಲ್ಲ, ಅದಕ್ಕೆ ಗಾತ್ರದ ಪ್ರಕಾರ ಬೇರ್ಪಡಿಸುವ ಸೆಫಡೆಕ್ಸ್ ಕಾಲಂ ಬೇಕು. ಸ್ಯಾಂಪಲ್ ಬಫರ್‌ಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಜಗಳ ಶುರುವಾಗಿದ್ದು ಮೆರ್ಕಾಪ್ಟೋಎಥನಾಲ್ ಹಾಕಿದ ಲೇನ್‌ನಲ್ಲಿ (ಜೆಲ್‌ನ ಒಂದು ಸಾಲು) 22ರ ಕೆಳಗೆ ಕಂಡ ಮಸುಕು ಬ್ಯಾಂಡ್‌ಗೆ. ಜೊತೆಯವರು "ಅದೇ 20ಕೆ" ಅಂದರು, ಅಂದರೆ ಹಾರ್ಮೋನಿನ 20 ಕಿಲೋಡಾಲ್ಟನ್ ರೂಪ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. 20ಕೆ ಆಗುವುದು ಪಿಟ್ಯುಟರಿಯಲ್ಲಿ, ಮಿದುಳಿನ ಕೆಳಗಿನ ಗ್ರಂಥಿಯಲ್ಲಿ. ಹಾರ್ಮೋನ್ ತಯಾರಿಸುವ ಅದೇ ಜಿಎಚ್1 ಜೀನಿನ ಆರ್‌ಎನ್‌ಎ ಬೇರೆ ರೀತಿ ಕತ್ತರಿಸಿ ಜೋಡಣೆಯಾಗಿ 32ರಿಂದ 46ರವರೆಗಿನ 15 ಅಮೈನೊ ಆಮ್ಲ ಬಿಟ್ಟುಹೋಗುತ್ತವೆ. ವಯಲ್‌ನಲ್ಲಿರುವುದು 191 ಅಮೈನೊ ಆಮ್ಲದ 22ಕೆ ಮಾತ್ರ, ಅದರಲ್ಲಿ 20ಕೆ ಎಲ್ಲಿಂದ ಬರಬೇಕು? ಆಟಗಾರರು ಈ ಹಾರ್ಮೋನ್ ಕದ್ದು ಬಳಸಿದ್ದನ್ನು ಹಿಡಿಯುವ ಒಂದು ಡೋಪಿಂಗ್ ಪರೀಕ್ಷೆ ನಿಂತಿರುವುದೇ ಇದರ ಮೇಲೆ ಅಲ್ವಾ? ಹೊರಗಿನಿಂದ 22ಕೆ ಚುಚ್ಚಿಕೊಂಡರೆ ರಕ್ತದಲ್ಲಿ ಉಳಿದ ರೂಪಗಳ ಪಾಲು ಕುಸಿಯುತ್ತದೆ. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲೇ ಅದನ್ನು ಬಳಸಿದ್ದರು. ನಮ್ಮ ಮಸುಕು ಬ್ಯಾಂಡ್ ಮೆರ್ಕಾಪ್ಟೋಎಥನಾಲ್ ಇಲ್ಲದ ಲೇನ್‌ನಲ್ಲಿ ಇರಲೇ ಇಲ್ಲ. ಸರಪಳಿ ನಡುವೆ ತುಂಡಾಗಿದ್ದರೂ 53 ಮತ್ತು 165ನೇ ಅಮೈನೊ ಆಮ್ಲಗಳ ನಡುವಿನ ಗಂಧಕದ ಕೊಂಡಿ ಎರಡು ತುಂಡನ್ನೂ ಹಿಡಿದಿತ್ತು, ಕೊಂಡಿ ಬಿಚ್ಚಿದಾಗ ಬೇರೆಯಾದವು. ಎರಡು ಲೇನ್ ಪಕ್ಕಪಕ್ಕ ಇಟ್ಟು ತೋರಿಸಿದ ಮೇಲೆ ಅವರು ಸುಮ್ಮನಾದರು.

ನಾಲ್ಕನೆಯ ಬ್ಯಾಂಡ್ ನೇಟಿವ್ ಜೆಲ್‌ನಲ್ಲಿ, ಅಂದರೆ ಎಸ್‌ಡಿಎಸ್ ಹಾಕದ, ಚಾರ್ಜ್ ಕೂಡ ಓಟವನ್ನು ನಿರ್ಧರಿಸುವ ಜೆಲ್‌ನಲ್ಲಿ ಸಿಕ್ಕಿತು. ಪಿಎಚ್ 8ರಲ್ಲಿ, 37 ಡಿಗ್ರಿಯಲ್ಲಿ ಹತ್ತು ದಿನ ಇಟ್ಟ ಸ್ಯಾಂಪಲ್‌ನಲ್ಲಿ ಮುಖ್ಯ ಬ್ಯಾಂಡ್‌ಗಿಂತ ಒಂದು ಹೆಜ್ಜೆ ಮುಂದೆ ಹೊಸದೊಂದು ನಿಂತಿತ್ತು. ಡಿಅಮೈಡೇಶನ್. ಆಸ್ಪರಾಜಿನ್ ಅನ್ನೋ ಅಮೈನೊ ಆಮ್ಲ ಆಸ್ಪಾರ್ಟಿಕ್ ಆಮ್ಲವಾಗಿ ಬದಲಾದರೆ ಋಣ ಚಾರ್ಜ್ ಹೆಚ್ಚುತ್ತದೆ, ಓಟವೂ ಹೆಚ್ಚುತ್ತದೆ. ತೂಕದ ಜೆಲ್‌ನಲ್ಲಿ ಇದು ಕಾಣುವುದಿಲ್ಲ.

ಇದರ ನಡುವೆ ಇನ್ನೊಂದು ಆಟವನ್ನೂ ಮಾಡಿದೆ. ಕಲಸಿದ ಒಂದು ವಯಲನ್ನು ಸ್ಕೂಟರ್ ಡಿಕ್ಕಿಯಲ್ಲಿಟ್ಟು ಮಧ್ಯಾಹ್ನ ಹೊಸಪೇಟೆಗೆ ಹೋಗಿ ಬಂದೆ, ಸುಮಾರು 120 ಕಿಲೋಮೀಟರ್. ಬಂದು ನೋಡಿದರೆ ಮೇಲೆ ನೊರೆ, ಒಳಗೆ ಬಿಳಿ ಎಳೆಗಳು. ನೇಟಿವ್ ಜೆಲ್‌ನಲ್ಲಿ ಅರ್ಧದಷ್ಟು ಹಾರ್ಮೋನ್ ಸ್ಯಾಂಪಲ್ ಹಾಕುವ ಗುಂಡಿಯ ಬಾಯಲ್ಲೇ ಸಿಕ್ಕಿಕೊಂಡಿತ್ತು. ವಯಲ್ ಅಲುಗಾಡಿಸಬೇಡಿ, ತಂಪಾಗಿಡಿ ಅಂತ ಯಾಕೆ ಹೇಳುತ್ತಾರೆ ಅನ್ನೋದಕ್ಕೆ ಡಾಕ್ಟರ್ ಈಗ ಅದೇ ಫೋಟೊವನ್ನು ಮಕ್ಕಳ ತಂದೆತಾಯಿಗೆ ತೋರಿಸುತ್ತಾರೆ.