ಆರ್ಟಿಚೋಕ್: ರೋಮ ತೆಗೆಯದೆ ಒಲೆಗಿಡಬೇಡಿ

ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಓಡಾಡುವವರು ಒಮ್ಮೊಮ್ಮೆ ಅಲ್ಲಿನ ದೊಡ್ಡ ಅಂಗಡಿಗಳಿಂದ ಆರ್ಟಿಚೋಕ್ ಎಂಬ ಮೊಗ್ಗಿನ ತರಕಾರಿ ತರುತ್ತಾರೆ. ಬಿಡಿಸದೆ ಹಾಗೆಯೇ ತುಂಡು ಮಾಡಿ ಹುಳಿಗೆ ಹಾಕುತ್ತಾರೆ. ಎಸಳು ಎಷ್ಟು ಅಗಿದರೂ ನಾರು, ಒಳಗಿನ ರೋಮ ಗಂಟಲಿಗೆ ಚುಚ್ಚುತ್ತದೆ. ದುಬಾರಿ ತರಕಾರಿ ತಿಪ್ಪೆ ಸೇರುತ್ತದೆ. ನೋಡಿದಾಗೆಲ್ಲ ಸಂಕಟವಾಗುತ್ತದೆ, ಏಕೆಂದರೆ ಸರಿಯಾಗಿ ಬಿಡಿಸಿದರೆ ಇದು ಬಲು ರುಚಿ.

ಇದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಮುಳ್ಳುಗಿಡವೊಂದರ ಅರಳದ ಮೊಗ್ಗು. ನಮ್ಮ ಸೂರ್ಯಕಾಂತಿ, ಕುಸುಬೆಯ ಕುಟುಂಬದ್ದೇ. ಇಟಲಿ, ಸ್ಪೇನ್, ಈಜಿಪ್ಟ್‌ನಲ್ಲಿ ಜಾಸ್ತಿ ಬೆಳೆಯುತ್ತಾರೆ. ತಿನ್ನುವುದು ಎಸಳಿನ ಬುಡದ ತಿರುಳು, ಮೊಗ್ಗಿನ ತಳದ ಬಟ್ಟಲು, ದಂಟಿನ ಒಳಭಾಗ. ಅಷ್ಟೇ.

ಕೊಳ್ಳುವಾಗ ಕೈಗೆ ಭಾರ ಅನ್ನಿಸುವ, ಎಸಳು ಒತ್ತಾಗಿರುವ ಮೊಗ್ಗು ಆರಿಸಿ. ಎಸಳು ಬಿಚ್ಚಿಕೊಂಡಿದ್ದರೆ ಬೇಡ. ಜೆರುಸಲೇಮ್ ಆರ್ಟಿಚೋಕ್ ಎಂದು ಮಾರುವುದು ಬೇರೆಯದೇ ಗಿಡದ ಗೆಡ್ಡೆ.

ಚಾಕು ಹಿಡಿಯುವ ಮೊದಲೇ ಒಂದು ಬೋಗುಣಿ ನೀರಿಗೆ ಒಂದು ನಿಂಬೆಹಣ್ಣು ಹಿಂಡಿಡಿ. ಕೊಯ್ದ ಜಾಗ ನೋಡನೋಡುತ್ತಲೇ ಕಂದಾಗುತ್ತದೆ. ಬಾಳೆಹೂವಿಗೆ ಮಜ್ಜಿಗೆ ನೀರು ಇಟ್ಟುಕೊಳ್ಳುವವರು ಇಲ್ಲಿಯೂ ಅದನ್ನೇ ಬಳಸಬಹುದು. ಕಬ್ಬಿಣದ ಈಳಿಗೆಮಣೆ ಮಾತ್ರ ಬೇಡವೇ ಬೇಡ, ತಿರುಳು ಕಪ್ಪಾಗುತ್ತದೆ. ಸ್ಟೀಲ್ ಚಾಕು ತೆಗೆದುಕೊಳ್ಳಿ. ಬೇಯಿಸುವುದಕ್ಕೂ ಸ್ಟೀಲ್ ಪಾತ್ರೆಯೇ ಇರಲಿ. ಅಲ್ಯೂಮಿನಿಯಂನಲ್ಲಿ ಬಣ್ಣ ಕೆಡುತ್ತದೆ.

ಹೊರಗಿನ ಗಟ್ಟಿ ಎಸಳುಗಳನ್ನು ಕೆಳಕ್ಕೆ ಬಗ್ಗಿಸಿ ಮುರಿಯಿರಿ. ತುದಿಯಲ್ಲಿ ಮುಳ್ಳಿರಬಹುದು, ಜೋಪಾನ. ತಿಳಿ ಹಳದಿ ಎಸಳು ಕಾಣುವವರೆಗೂ ನಿಲ್ಲಿಸಬೇಡಿ. ಇಲ್ಲಿ ಜಿಪುಣತನ ಮಾಡಿದವರೇ ಆಮೇಲೆ ನಾರು ನಾರು ಎಂದು ಗೊಣಗುವುದು. ಮುರಿದ ಎಸಳು ಎಸೆಯದೆ ಪಕ್ಕಕ್ಕಿಡಿ. ಮೊಗ್ಗಿನ ಮೇಲಿನ ಮೂರನೇ ಒಂದು ಭಾಗ ಕತ್ತರಿಸಿ ಬಿಸಾಡಿ. ಬುಡದ, ದಂಟಿನ ಹಸಿರು ಸಿಪ್ಪೆ ಹೆರೆಯಿರಿ. ಕಹಿ ಇರುವುದು ಅಲ್ಲೇ.

ಈಗ ಉದ್ದಕ್ಕೆ ಎರಡು ಹೋಳು ಮಾಡಿ. ನಡುವೆ ಬಟ್ಟಲಿನ ಮೇಲೆ ರೋಮದ ದಟ್ಟ ಪದರ ಕಾಣುತ್ತದೆ. ಅರಳಿದ್ದರೆ ನೇರಳೆ ಹೂವಾಗುತ್ತಿದ್ದದ್ದು ಅದೇ. ಸ್ಟೀಲ್ ಚಮಚದ ಅಂಚನ್ನು ರೋಮ ಮತ್ತು ತಿರುಳು ಸೇರುವ ಕಡೆ ಒತ್ತಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಕೆರೆಯಿರಿ. ಅದರ ಮೇಲಿನ ಚುಚ್ಚುವ ಪುಟ್ಟ ಎಸಳುಗಳೂ ಹೋಗಬೇಕು. ತಿರುಳನ್ನು ಅಗೆಯಬೇಡಿ, ನೀವು ದುಡ್ಡು ಕೊಟ್ಟಿರುವುದೇ ಅದಕ್ಕೆ. ಬೆರಳಾಡಿಸಿದರೆ ನುಣ್ಣಗಿರಬೇಕು. ಒಂದೆಳೆ ಉಳಿದರೂ ಬಾಯಿಗೆ ಗೊತ್ತಾಗುತ್ತದೆ. ತಕ್ಷಣ ನಿಂಬೆನೀರಿಗೆ ಹಾಕಿ. ತೀರಾ ಎಳೆಯ, ಪುಟ್ಟ ಮೊಗ್ಗಿನಲ್ಲಿ ರೋಮವೇ ಬೆಳೆದಿರುವುದಿಲ್ಲ. ಅಂಥವು ಸಿಕ್ಕರೆ ಈ ಕೆಲಸ ತಪ್ಪಿತು.

ಉಪ್ಪು ನೀರಿನಲ್ಲಿ 15-20 ನಿಮಿಷ ಬೇಯಿಸಿ, ಚಾಕು ಸಲೀಸಾಗಿ ಇಳಿಯಬೇಕು. ಕುಕ್ಕರ್ ಬೇಡ, ಒಂದು ಸೀಟಿ ಹೆಚ್ಚಾದರೂ ಮುದ್ದೆಯಾಗುತ್ತದೆ. ಎತ್ತಿಟ್ಟ ಎಸಳುಗಳನ್ನು ಬೇರೆಯಾಗಿ ಬೇಯಿಸಿ, ಬುಡವನ್ನು ನುಗ್ಗೆಕಾಯಿಯಂತೆ ಹಲ್ಲಿನಲ್ಲಿ ಎಳೆದು ತಿನ್ನಿ. ಹೋಳುಗಳನ್ನು ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬಾಡಿಸಿ, ಮೆಣಸಿನಪುಡಿ ಬೇಡ. ಗರಂ ಮಸಾಲೆ ಸುರಿದರೆ ಇದರ ಮೆದುವಾದ ರುಚಿ ಸತ್ತೇ ಹೋಗುತ್ತದೆ.

ಬಿಡಿಸಲು ಹೊತ್ತಿಲ್ಲದವರು ಉಪ್ಪುನೀರಿನ ಡಬ್ಬಿಯದು ತಂದು ಚೆನ್ನಾಗಿ ತೊಳೆದು ಬಳಸಿ. ವಿನಿಗರ್‌ನಲ್ಲಿ ನೆನೆಸಿದ ಬಾಟಲಿಯದರಲ್ಲಿ ಬರೀ ಹುಳಿ, ಅದನ್ನು ತಿಂದು ಆರ್ಟಿಚೋಕ್ ಇಷ್ಟೇನಾ ಅನ್ನಬೇಡಿ.

ತಿಂದ ಮೇಲೆ ನೀರು ಸಿಹಿ ಅನ್ನಿಸಬಹುದು. ಮೊಗ್ಗಿನಲ್ಲಿರುವ ಸೈನರಿನ್ ಎಂಬ ಅಂಶದ ಕೆಲಸ ಅದು, ಗಾಬರಿಯಾಗಬೇಡಿ. ಬೇಯಿಸಿದ್ದು ಮಿಕ್ಕರೆ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಿ.