ಮನೆ ಜಿಮ್‌ಗೆ ಕಮ್ಮಿ ಖರ್ಚಲ್ಲಿ ಕನ್ನಡಿ: ಗೋಡೆ ತುಂಬಾ ಬೇಡ, 4 ಅಡಿಗೆ 5 ಅಡಿ ಸಾಕು

ಮನೇಲಿ ಒಂದು ರೂಮ್ ಖಾಲಿ ಮಾಡ್ಕೊಂಡು ರಬ್ಬರ್ ಮ್ಯಾಟ್ ಹಾಸಿ ಬೆಂಚು, ಡಂಬೆಲ್ ಎಲ್ಲಾ ತಂದಿಟ್ಟ ಮೇಲೆ ಕನ್ನಡಿ ವಿಷಯ ಬರುತ್ತೆ. ಆಗ ಸುಮಾರು ಜನ ಮಾಡೋದೇನಂದ್ರೆ ದೊಡ್ಡ ಜಿಮ್‌ನಲ್ಲಿ ನೋಡಿದ ಗೋಡೆ ತುಂಬಾ ಕನ್ನಡಿ ಬೇಕು ಅಂತ ಗ್ಲಾಸ್ ಅಂಗಡೀಲಿ ಕೇಳ್ತಾರೆ, ರೇಟ್ ಕೇಳಿ ಸುಮ್ಮನಾಗ್ತಾರೆ, ಆಮೇಲೆ ಆನ್‌ಲೈನಲ್ಲಿ ಅಗ್ಗಕ್ಕೆ ಸಿಗೋ ಅಂಟಿಸೋ ಸ್ಟಿಕರ್ ಕನ್ನಡಿ ತರಿಸ್ತಾರೆ. ಎರಡೂ ಬೇಡ. ಕನ್ನಡಿ ಚಿಕ್ಕದಿರ್ಲಿ ಆದ್ರೆ ದಪ್ಪ ಇರ್ಲಿ, ಸರಿಯಾದ ಎತ್ತರಕ್ಕೆ ಕೂತಿರ್ಲಿ, ದುಡ್ಡು ಅಲ್ಲೇ ಉಳಿಯುತ್ತೆ.

ಮೊದಲು ಕನ್ನಡಿ ಯಾಕೆ ಅನ್ನೋದು ಕ್ಲಿಯರ್ ಇರ್ಬೇಕು. ಗರಡಿಮನೇಲಿ ಆದ್ರೆ ಉಸ್ತಾದ್ರು ಪಕ್ಕದಲ್ಲೇ ನಿಂತು ಬೆನ್ನು ಬಗ್ಗಿದ ತಕ್ಷಣ ಹೇಳ್ತಾರೆ, ಜಿಮ್‌ನಲ್ಲಿ ಟ್ರೈನರ್ ಇರ್ತಾರೆ, ಮನೇಲಿ ಒಬ್ರೇ ಇದ್ದಾಗ ಎಡಗೈ ಬಲಗೈಗಿಂತ ಕೆಳಗಿದೆ ಅಂತ ಹೇಳೋರು ಯಾರೂ ಇಲ್ಲ. ಮಂಡಿ ಒಳಗೆ ಬೀಳ್ತಿದ್ಯಾ, ಬಾರ್ ಒಂದು ಕಡೆ ವಾಲ್ತಿದ್ಯಾ, ಭುಜ ಸಮ ಇದ್ಯಾ, ಇಷ್ಟು ಎದುರಿಂದ ಕಂಡ್ರೆ ಸಾಕು. ಸ್ಕ್ವಾಟ್ ಎಷ್ಟು ಆಳ ಹೋಯ್ತು, ಡೆಡ್‌ಲಿಫ್ಟ್‌ನಲ್ಲಿ (ನೆಲದಿಂದ ಬಾರ್ ಎತ್ತೋದು) ಬೆನ್ನು ನೇರ ಇತ್ತಾ ಅನ್ನೋದು ಕಾಣೋದು ಪಕ್ಕದಿಂದ, ಅದಕ್ಕೆ ಅಂತ ಪಕ್ಕದ ಗೋಡೆಗೂ ಕನ್ನಡಿ ಹಾಕಿಸಿದ್ರೆ ತೂಕ ಹೊತ್ಕೊಂಡೇ ಕುತ್ತಿಗೆ ತಿರುಗಿಸಿ ನೋಡೋ ಅಭ್ಯಾಸ ಆಗುತ್ತೆ, ಅದು ಕುತ್ತಿಗೆಗೆ ಒಳ್ಳೇದಲ್ಲ. ಪಕ್ಕದಿಂದ ನೋಡೋಕೆ ಫೋನ್ ಇಟ್ಟು ವಿಡಿಯೋ ಮಾಡ್ಕೊಳ್ಳಿ, ಅದು ಫ್ರೀ. ಸೋ ಒಂದೇ ಗೋಡೆ, ಎದುರಿನದು.

ಈಗ ಸೈಜ್. ಸ್ಕೂಲ್ ಫಿಸಿಕ್ಸ್‌ನಲ್ಲಿ ಓದಿರ್ತೀವಿ, ಸಪಾಟು ಕನ್ನಡೀಲಿ ಪೂರ್ತಿ ಮೈ ಕಾಣೋಕೆ ನಮ್ಮ ಎತ್ತರದ ಅರ್ಧದಷ್ಟು ಕನ್ನಡಿ ಸಾಕು, 3 ಅಡಿ ದೂರ ನಿಂತ್ರೂ 8 ಅಡಿ ದೂರ ನಿಂತ್ರೂ ಅಷ್ಟೇ. ಲೆಕ್ಕ ಏನಂದ್ರೆ ಕಣ್ಣಿಗೂ ನೋಡ್ಬೇಕಾದ ಜಾಗಕ್ಕೂ ಸರಿ ಮಧ್ಯದಲ್ಲಿ ಕನ್ನಡಿ ಇರ್ಬೇಕು. 5 ಅಡಿ 8 ಇಂಚ್ ಎತ್ತರದವರ ಕಣ್ಣು ಸುಮಾರು 5 ಅಡಿ 4 ಇಂಚಲ್ಲಿ ಇರುತ್ತೆ, ನಿಂತಾಗ ಪಾದ ಕಾಣೋಕೆ ಕನ್ನಡಿ ನೆಲದಿಂದ 32 ಇಂಚ್ ಮೇಲೆ ಶುರುವಾದ್ರೂ ನಡೆಯುತ್ತೆ. ಆದ್ರೆ ಸ್ಕ್ವಾಟ್‌ಗೆ ಕೂತಾಗ ಕಣ್ಣು 3 ಅಡಿ ಹತ್ರ ಬಂದುಬಿಡುತ್ತೆ, ಆಗ ಪಾದ ಕಾಣ್ಬೇಕು ಅಂದ್ರೆ ಕನ್ನಡಿಯ ಕೆಳ ಅಂಚು 18 ಇಂಚಲ್ಲಿ ಇರ್ಬೇಕು. ಮೇಲ್ಗಡೆ ನೋಡಿ, ಓವರ್‌ಹೆಡ್ ಪ್ರೆಸ್ ಮಾಡ್ವಾಗ ಬಾರ್ ಏಳೂವರೆ ಅಡಿವರೆಗೆ ಹೋಗುತ್ತೆ ಅಂತಿಟ್ಕೊಳ್ಳಿ, ಅದು ಕಾಣೋಕೆ ಕನ್ನಡಿಯ ಮೇಲಂಚು ಆರೂವರೆ ಅಡಿ ಹತ್ರ ಇದ್ರೆ ಸಾಕು. ಅಂದ್ರೆ ಒಂದೂವರೆ ಅಡಿಯಿಂದ ಆರೂವರೆ ಅಡಿವರೆಗೆ, ಒಟ್ಟು 5 ಅಡಿ ಎತ್ತರದ ಕನ್ನಡಿ. ಅಗಲಕ್ಕೂ ಇದೇ ಲೆಕ್ಕ, ಒಲಿಂಪಿಕ್ ಬಾರ್ 2.2 ಮೀಟರ್ ಉದ್ದ, ಅಂದ್ರೆ 7 ಅಡಿಗಿಂತ ಸ್ವಲ್ಪ ಜಾಸ್ತಿ, ಅದರ ಅರ್ಧ ಅಂದ್ರೆ 4 ಅಡಿ ಅಗಲ ಧಾರಾಳ. ಬರೀ ಡಂಬೆಲ್ ಮಾಡೋರಿಗೆ ಕೈ ಎರಡೂ ಕಡೆ ಚಾಚಿದಾಗ ಕಂಡ್ರೆ ಆಯ್ತಲ್ಲ, 3 ಅಡಿ ಅಗಲ ಸಾಕು.

ಆ 18 ಇಂಚ್ ಬಗ್ಗೆ ಇನ್ನೊಂದು ವಿಷಯ. ದೊಡ್ಡ ಒಲಿಂಪಿಕ್ ಪ್ಲೇಟ್‌ಗಳ ವ್ಯಾಸ 450 ಎಂಎಂ, ಅಂದ್ರೆ 18 ಇಂಚಿಗಿಂತ ಕೂದಲೆಳೆ ಕಮ್ಮಿ. ಗೋಡೆಗೆ ಒರಗಿಸಿಟ್ಟ ಪ್ಲೇಟ್ ಆಗ್ಲಿ, ಉರುಳ್ಕೊಂಡು ಹೋದ ಬಾರ್ ಆಗ್ಲಿ ಗೋಡೆಗೆ ತಾಗುತ್ತೇ ಹೊರತು ಗಾಜಿಗೆ ತಾಗಲ್ಲ. ನೆಲದವರೆಗೂ ಕನ್ನಡಿ ಹಾಕಿಸಿದ್ರೆ ಅದೇ ಮೊದಲು ಒಡೆಯೋ ಜಾಗ. ಪುಶಪ್, ಪ್ಲ್ಯಾಂಕ್ ನೋಡ್ಕೋಬೇಕು ಅನ್ನೋರು ಅದಕ್ಕೂ ಫೋನೇ ಬಳಸಿ.

ಇನ್ನು ದಪ್ಪ, ಇಲ್ಲಿ ಮಾತ್ರ ಜುಗ್ಗತನ ಮಾಡ್ಬೇಡಿ. 2 ಅಥವಾ 3 ಎಂಎಂ ಕನ್ನಡಿ ಗೋಡೆ ಸ್ವಲ್ಪ ಉಬ್ಬುತಗ್ಗು ಇದ್ರೂ ಅದರ ಜೊತೆ ಬಾಗುತ್ತೆ, ಬಾಗಿದ ಕನ್ನಡೀಲಿ ಸೊಂಟ ಒಂದು ಕಡೆ, ಭುಜ ಒಂದು ಕಡೆ ಕಾಣುತ್ತೆ, ಫಾರ್ಮ್, ಅಂದ್ರೆ ವ್ಯಾಯಾಮ ಮಾಡೋ ಭಂಗಿ, ಸರಿ ಮಾಡ್ಕೊಳ್ಳೋಕೆ ಅಂತ ತಂದಿದ್ದೇ ತಪ್ಪು ತೋರಿಸಿದ್ರೆ ಅದಕ್ಕೆ ಕೊಟ್ಟ ದುಡ್ಡು ದಂಡ. 4 ಎಂಎಂ ಕನಿಷ್ಠ, 5 ಎಂಎಂ ನನ್ನ ಆಯ್ಕೆ, 6 ಎಂಎಂ ಇನ್ನೂ ಚೆನ್ನಾಗಿರುತ್ತೆ ಆದ್ರೆ ಈ ಸೈಜಿಗೆ ಅಷ್ಟು ಬೇಕಿಲ್ಲ. ತೂಕದ ಲೆಕ್ಕ ಸುಲಭ, ಗಾಜು ಒಂದು ಚದರ ಮೀಟರ್‌ಗೆ ಪ್ರತಿ ಎಂಎಂ ದಪ್ಪಕ್ಕೆ ಎರಡೂವರೆ ಕೆಜಿ, ಹಂಗಾಗಿ 5 ಎಂಎಂನಲ್ಲಿ 4 ಅಡಿಗೆ 5 ಅಡಿ ಕನ್ನಡಿ ಸುಮಾರು 23 ಕೆಜಿ ಬರುತ್ತೆ. ಅದೇ 10 ಅಡಿಗೆ 7 ಅಡಿ ಗೋಡೆ ಪೂರ್ತಿ ಹಾಕಿಸಿದ್ರೆ 80 ಕೆಜಿ ದಾಟುತ್ತೆ, ದುಡ್ಡೂ ಮೂರೂವರೆ ಪಟ್ಟು.

ಅಕ್ರಿಲಿಕ್ ಕನ್ನಡಿ ಗಾಜಿನ ಅರ್ಧದಷ್ಟೂ ತೂಕ ಇರಲ್ಲ, ಒಡೆದು ಚೂರಾಗಲ್ಲ, ಚಿಕ್ಕ ಮಕ್ಕಳಿರೋ ಮನೆಗೆ ಆಸೆ ಆಗುತ್ತೆ, ಆದ್ರೆ ಬೇಗ ಗೀರು ಬೀಳುತ್ತೆ, ದೊಡ್ಡ ಶೀಟ್ ಬಾಗುತ್ತೆ. ಸ್ಟಿಕರ್ ಕನ್ನಡಿ ಅಂತೂ ಗೋಡೆ ಮೇಲೆ ಸುಕ್ಕು ಸುಕ್ಕಾಗಿ ಕೂರುತ್ತೆ, ಅದರಲ್ಲಿ ಮುಖಾನೇ ನೆಟ್ಟಗೆ ಕಾಣಲ್ಲ. ಸೇಫ್ಟಿ ಬೇಕು ಅಂದ್ರೆ ಅಂಗಡೀಲಿ ಟಫನ್ಡ್ (ಬಿಸಿ ಮಾಡಿ ಗಟ್ಟಿ ಮಾಡಿದ) ಕನ್ನಡಿ ಅಂತ ಕೇಳೋ ಬದಲು ಹಿಂದೆ ಸೇಫ್ಟಿ ಫಿಲ್ಮ್ ಅಂಟಿಸಿ ಕೊಡಿ ಅಂತ ಕೇಳಿ. ಗಾಜನ್ನ ಟಫನ್ ಮಾಡೋದು 600 ಡಿಗ್ರಿ ದಾಟಿದ ಬಿಸೀಲಿ, ಆ ಬಿಸಿಗೆ ಹಿಂದಿನ ಬೆಳ್ಳಿ ಲೇಪ, ಪೇಂಟ್ ಉಳಿಯಲ್ಲ, ಅದಕ್ಕೇ ಮೊದಲು ಟಫನ್ ಮಾಡಿ ಆಮೇಲೆ ಲೇಪ ಹಾಕ್ಬೇಕು, ಅದರಲ್ಲಿ ಅಲೆ ಅಲೆಯಾಗಿ ಕಾಣೋ ಸಾಧ್ಯತೆ ಜಾಸ್ತಿ, ರೇಟೂ ಜಾಸ್ತಿ. ಫಿಲ್ಮ್ ಇದ್ರೆ ಅಕಸ್ಮಾತ್ ಡಂಬೆಲ್ ತಾಗಿ ಒಡೆದ್ರೂ ಚೂರುಗಳು ಹಿಂದಿನ ಹಾಳೆಗೇ ಅಂಟ್ಕೊಂಡಿರುತ್ತೆ, ಕಾಲ ಮೇಲೆ ಬೀಳಲ್ಲ. ಮಕ್ಕಳಿರೋ ಮನೇಲಿ ಇದನ್ನ ಬಿಡಲೇಬೇಡಿ.

ಕೊಳ್ಳೋದು ಎಲ್ಲಿ ಅಂದ್ರೆ ನಿಮ್ಮ ಏರಿಯಾದ ಗ್ಲಾಸ್ ಪ್ಲೈವುಡ್ ಅಂಗಡೀಲೇ. ಜಿಮ್ ಮಿರರ್ ಅಂತ ಹೆಸರು ಹೇಳಿ ಮಾರೋದೂ ಅದೇ ಗಾಜು. ಸೇಂಟ್ ಗೋಬೇನ್, ಮೋದಿಗಾರ್ಡ್, ಆಸಾಹಿ ಇಂಥ ಕಂಪನಿ ಫ್ಲೋಟ್ ಗ್ಲಾಸಿನ (ಸಪಾಟಾದ ಗಾಜು) ಕನ್ನಡಿ ಬಹಳ ಕಡೆ ಸಿಗುತ್ತೆ, ಗಾಜಿನ ಮೇಲೆ ಅಥವಾ ಹಿಂದಿನ ಪೇಂಟ್ ಮೇಲೆ ಕಂಪನಿ ಗುರುತು ಇದ್ಯಾ ನೋಡಿ. ಕನಿಷ್ಠ ಎರಡು ಮೂರು ಅಂಗಡೀಲಿ ಚದರಡಿ ರೇಟ್ ಕೇಳಿ, ಕೇಳುವಾಗ ದಪ್ಪ ಹೇಳಿ, ಅಂಚು ಪಾಲಿಶ್, ಜಿಎಸ್‌ಟಿ, ಸಾಗಣೆ, ಫಿಟ್ಟಿಂಗ್ ಸೇರಿಸಿ ಎಷ್ಟು ಅಂತ ಕೇಳಿ, ಇಲ್ಲಾಂದ್ರೆ ರೇಟ್ ಕಮ್ಮಿ ಅನ್ಸಿದ್ದು ಬಿಲ್‌ನಲ್ಲಿ ಬೆಳೆದಿರುತ್ತೆ. ಅಳತೇನ ಮೇಲಿನ 3 ಅಥವಾ 6 ಇಂಚಿಗೆ ರೌಂಡ್ ಮಾಡಿ ಬಿಲ್ ಹಾಕೋ ಅಂಗಡಿಗಳಿವೆ, ಹಂಗಾಗಿ 4 ಅಡಿ 1 ಇಂಚ್ ಅಂತ ಕೊಡೋ ಬದಲು ಸರಿಯಾಗಿ 4 ಅಡಿ ಕೊಡಿ. ಬೇರೆ ಕೆಲಸದಲ್ಲಿ ಉಳಿದ ಕಟ್‌ಪೀಸ್ ಇದ್ಯಾ ಅಂತಾನೂ ಕೇಳಿ, ಈ ಸೈಜಿಗೆ ಒಮ್ಮೊಮ್ಮೆ ಸಿಗುತ್ತೆ, ಆಗ ರೇಟ್ ಮಾತಾಡಬಹುದು.

ದುಡ್ಡು ಕೊಡೋ ಮುಂಚೆ ಕನ್ನಡೀನ ಗೋಡೆಗೆ ನೇರ ನಿಲ್ಲಿಸಿ 6 ಅಡಿ ಹಿಂದೆ ಬಂದು ತಲೆ ನಿಧಾನಕ್ಕೆ ಆ ಕಡೆ ಈ ಕಡೆ ಆಡಿಸಿ, ಅದರಲ್ಲಿ ಕಾಣೋ ಟ್ಯೂಬ್‌ಲೈಟು, ಶಟರ್ ಗೆರೆ ನೆಟ್ಟಗೇ ಇದ್ರೆ ಓಕೆ, ನೀರಲ್ಲಿ ಅಲುಗಾಡಿದ ಹಾಗೆ ಕಂಡ್ರೆ ಬೇಡ ಅನ್ನಿ.

ಸೆಕೆಂಡ್ ಹ್ಯಾಂಡ್ ನಂಗೆ ತುಂಬಾ ಇಷ್ಟದ ದಾರಿ. ಸಲೂನು, ಬಟ್ಟೆ ಶೋರೂಮು, ಜಿಮ್ಮು ಮುಚ್ಚುವಾಗ ಅಥವಾ ಒಳಗಡೆ ಹೊಸದಾಗಿ ಮಾಡಿಸುವಾಗ ಒಳ್ಳೆ ದಪ್ಪದ ಕನ್ನಡಿಗಳು ಹೊರಗೆ ಬರುತ್ತೆ. ನೋಡ್ಬೇಕಾದ್ದು ಅಂಚು. ಕಪ್ಪು ಕಲೆ ಹರಡಿದ್ರೆ ತೇವ ಒಳಗೆ ಹೋಗಿ ಬೆಳ್ಳಿ ಲೇಪ ಹಾಳಾಗ್ತಿದೆ ಅಂತರ್ಥ, ಅದು ನಿಲ್ಲಲ್ಲ, ಮಂಗಳೂರು ಉಡುಪಿ ಕಡೆ ಹವೆಗಂತೂ ಬೇಗ ಬೆಳೆಯುತ್ತೆ. ಅಂಚು ಚಕ್ಕೆ ಎದ್ದಿದ್ರೆ ಅಲ್ಲಿಂದ್ಲೇ ಬಿರುಕು ಬಿಡಬಹುದು, ಅಂಥದ್ದು ಬೇಡ. ಗೋಡೆಗೆ ಪೂರ್ತಿ ಅಂಟಿಸಿರೋ ಕನ್ನಡೀನ ಕಿತ್ತು ತಗೊಂಡ್ಹೋಗಿ ಅಂದ್ರೂ ಒಪ್ಕೋಬೇಡಿ, ಕೀಳೋವಾಗ ಒಡೆಯುತ್ತೆ, ಕೈಗೂ ಅಪಾಯ. ಕ್ಲಿಪ್ ಅಥವಾ ಫ್ರೇಮ್‌ನಲ್ಲಿರೋದು ಮಾತ್ರ.

ಅಪಾರ್ಟ್‌ಮೆಂಟ್ ಲಿಫ್ಟಲ್ಲಿ 4 ಅಡಿ ಅಗಲದ ಗಾಜು ಹೋಗುತ್ತಾ, ಮೆಟ್ಟಿಲ ತಿರುವಲ್ಲಿ ತಿರುಗುತ್ತಾ, ಮೊದಲೇ ಟೇಪ್ ಹಿಡಿದು ನೋಡ್ಕೊಳ್ಳಿ. ಹೋಗಲ್ಲ ಅಂದ್ರೆ ಎರಡು ಪೀಸ್ ಮಾಡಿಸಿ, ಆದ್ರೆ ಸಮ ಎರಡು ಮಾಡಿಸ್ಬೇಡಿ, ಜೋಡಣೆ ಗೆರೆ ಸರಿಯಾಗಿ ಮೂಗಿನ ಮೇಲೆ ಬರುತ್ತೆ, ಪ್ರತಿ ರೆಪ್‌ಗೂ ಕಣ್ಣಿಗೆ ಚುಚ್ಚುತ್ತೆ. ಎರಡೂವರೆ ಅಡಿ ಒಂದು, ಒಂದೂವರೆ ಅಡಿ ಒಂದು ಮಾಡಿಸಿದ್ರೆ ಗೆರೆ ಪಕ್ಕಕ್ಕೆ ಹೋಗುತ್ತೆ.

ಸ್ವಂತ ಮನೆ ಆದ್ರೆ ಫಿಟ್ಟಿಂಗ್‌ಗೆ ಕೆಳಗೆ ಅಲ್ಯುಮಿನಿಯಂ ಚಾನಲ್, ಮೇಲೆ ಕ್ಲಿಪ್. ಭಾರ ಪೂರ್ತಿ ಚಾನಲ್ ಮೇಲೆ ಕೂರ್ಬೇಕು, ಅದಕ್ಕೆ ರಸಮಟ್ಟ ಇಟ್ಟು ನೋಡಿ ಗೋಡೆಗೆ ಪ್ಲಗ್ ಹಾಕಿ ಸ್ಕ್ರೂ ಬಿಗಿಸ್ಬೇಕು. ಬರೀ ಅಂಟಿನ ಮೇಲೆ ನಂಬಿಕೆ ಇಟ್ಟು 23 ಕೆಜಿ ನೇತುಹಾಕೋದು ಬೇಡ, ಅಂಟು ಹಿಡ್ಕೊಳ್ಳೋದು ಪೇಂಟ್ ಮತ್ತೆ ಪುಟ್ಟೀನ, ಅದು ಪದರ ಬಿಟ್ಟು ಬಂದ್ರೆ ಕನ್ನಡೀನೂ ಬರುತ್ತೆ. ಜೊತೆಗೆ ಸಿಲಿಕೋನ್ ಹಾಕೋದಾದ್ರೆ ನ್ಯೂಟ್ರಲ್ ಸಿಲಿಕೋನ್ ಅಂತಾನೇ ಕೇಳಿ ತಗೊಳ್ಳಿ, ವಿನೆಗರ್ ಥರ ಹುಳಿ ವಾಸನೆ ಬರೋ ಮಾಮೂಲಿ ಸಿಲಿಕೋನ್ ಕನ್ನಡಿ ಹಿಂದಿನ ಲೇಪಾನ ತಿನ್ನುತ್ತೆ. ಹಚ್ಚೋದು ಮೇಲಿಂದ ಕೆಳಗೆ ಉದ್ದ ಗೆರೆಗಳಾಗಿ, ಆಗ ಹಿಂದೆ ಗಾಳಿ ಆಡುತ್ತೆ, ತೇವ ನಿಲ್ಲಲ್ಲ.

ಬಾಡಿಗೆ ಮನೇಲಿ ಓನರ್ ಮೊಳೆ ಹೊಡೆಯೋಕೇ ಬಿಡಲ್ಲ ಅಂದ್ರೆ ಒಂದು ಉಪಾಯ ಇದೆ. 18 ಎಂಎಂ ಪ್ಲೈವುಡ್ ಶೀಟ್ ಬರೋದೇ 8 ಅಡಿಗೆ 4 ಅಡಿ. ಅದನ್ನ ಆರೂವರೆ ಅಡಿಗೆ ಕಟ್ ಮಾಡಿಸಿ, ಮೇಲಿನ 5 ಅಡಿಗೆ ಕನ್ನಡಿ ಕೂರಿಸಿ ಸುತ್ತ ಪಟ್ಟಿ ಹೊಡೆಸಿ, ಕೆಳಗಿನ ಒಂದೂವರೆ ಅಡಿ ಖಾಲಿ ಬಿಡಿ, ಭಾರ ಎಲ್ಲಾ ನೆಲದ ಮೇಲೇ ಇರುತ್ತೆ. ಆದ್ರೂ ಮುಂದಕ್ಕೆ ಮಗುಚದ ಹಾಗೆ ಮೇಲೆ ಎರಡು ಎಲ್ ಕ್ಲಾಂಪ್ ಮಾತ್ರ ಗೋಡೆಗೆ ಹಾಕಲೇಬೇಕು, ಆ ಎರಡು ತೂತಿಗೆ ಓನರ್ ಹತ್ರ ಮಾತಾಡಿ, ಬಿಡುವಾಗ ಪುಟ್ಟಿ ತುಂಬಿ ಕೊಡ್ತೀನಿ ಅನ್ನಿ. ಸುಮ್ನೆ ಒರಗಿಸಿಟ್ಟ ಕನ್ನಡಿ ಪಕ್ಕದಲ್ಲಿ ತೂಕ ಎತ್ತೋದು ಬೇಡವೇ ಬೇಡ. ಮನೆ ಬಿಟ್ಟಾಗ ಇದನ್ನ ಹಂಗೇ ಜೊತೇಲಿ ತಗೊಂಡೂ ಹೋಗಬಹುದು.

ಯಾವ ಗೋಡೆ ಅನ್ನೋದಕ್ಕೆ ಬೆಳಕು ನೋಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಬಂದ್ರೆ ಕನ್ನಡೀಲಿ ಕಪ್ಪು ನೆರಳು ಮಾತ್ರ ಕಾಣುತ್ತೆ, ಪಕ್ಕದಲ್ಲಿದ್ರೆ ಚೆಂದ. ವಾಸ್ತು ನೋಡೋ ಮನೇಲಿ ಉತ್ತರ ಅಥವಾ ಪೂರ್ವದ ಗೋಡೆ ಅಂತಾರೆ, ಬೆಳಕಿಗೂ ಅದು ಹೊಂದಿದ್ರೆ ಮನೇಲಿ ಮಾತೇ ಬರಲ್ಲ. ಮಲಗೋ ರೂಮಲ್ಲೇ ಜಿಮ್ ಇದ್ದು ಮಂಚದ ಎದುರಿಗೆ ಕನ್ನಡಿ ಬೇಡ ಅಂತ ಅಮ್ಮ ಹೇಳಿದ್ರೆ ಒಂದು ಪರದೆ ರಾಡ್ ಹಾಕ್ಸಿ, ಧೂಳೂ ಕಮ್ಮಿ ಆಗುತ್ತೆ.

ಒರೆಸೋಕೆ ಅಮೋನಿಯಾ ಇರೋ ಕ್ಲೀನರ್ ಬೇಡ. ಬರೀ ನೀರು, ಹಳೇ ಕಾಟನ್ ಬಟ್ಟೆ, ಅದೂ ನೀರನ್ನ ಬಟ್ಟೆ ಮೇಲೆ ಹಾಕ್ಕೊಂಡು ಒರೆಸಿ, ಕನ್ನಡಿ ಮೇಲೆ ಸ್ಪ್ರೇ ಮಾಡಿದ್ರೆ ಇಳಿದ ನೀರು ಕೆಳಗಿನ ಚಾನಲ್‌ನಲ್ಲಿ ನಿಂತು ಅಲ್ಲಿಂದ್ಲೇ ಅಂಚು ಕಪ್ಪಾಗೋಕೆ ಶುರುವಾಗುತ್ತೆ.